ಆ ಮುಸುಕುಧಾರಿಯ ಚಿತ್ರ ಇಳಿಸಿ

ಮಕ್ಕಳ ಆನ್‌ಲೈನ್ ಸುರಕ್ಷತೆಗೆ ನೀತಿ ಬರೆಯುವವರಿಗೆ, ಅದಕ್ಕೆ ಹಣ ಮಂಜೂರು ಮಾಡುವವರಿಗೆ, ಮಕ್ಕಳು ಬಳಸುವ ಆ್ಯಪ್ ಮತ್ತು ಗೇಮ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಕ್ಕಳ ಆನ್‌ಲೈನ್ ಸುರಕ್ಷತೆಯ ಪೋಸ್ಟರ್ ಎಲ್ಲಿ ಅಚ್ಚಾದರೂ ಚಿತ್ರ ಒಂದೇ. ಕತ್ತಲ ಕೋಣೆ, ತಲೆಗೆ ಮುಸುಕೆಳೆದುಕೊಂಡ ಗಂಡಸು, ಮುಖ ಇರಬೇಕಾದಲ್ಲಿ ಬರೀ ಕಪ್ಪು, ಬೆರಳುಗಳ ಮೇಲೆ ಲ್ಯಾಪ್‌ಟಾಪಿನ ನೀಲಿ ಬೆಳಕು. ಕೆಳಗೆ ‘ಅಪರಿಚಿತರ ಜೊತೆ ಮಾತಾಡಬೇಡಿ’ ಎಂಬ ಸಾಲು. ಈ ಚಿತ್ರವನ್ನು ಇಳಿಸಿ ಎಂದು ಕೇಳಲು ಈ ಪತ್ರ. ಅದು ಗೋಡೆಯ ಮೇಲಷ್ಟೇ ಇದ್ದಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಅದು ನಿಮ್ಮ ತಲೆಯಲ್ಲೂ ಕೂತಿದೆ. ಅದನ್ನೇ ನೋಡಿಕೊಂಡು ಬಜೆಟ್, ಶಾಲೆಯ ಪಾಠ, ಆ್ಯಪಿನ ಸೆಟ್ಟಿಂಗ್ ಎಲ್ಲವೂ ತಯಾರಾಗುತ್ತಿವೆ. ಮಕ್ಕಳ ಮೇಲೆ ಆನ್‌ಲೈನಿನಲ್ಲಿ ಲೈಂಗಿಕ ಅಪರಾಧ ಎಸಗುವವರ ಬಗ್ಗೆ ಎರಡು ದಶಕಕ್ಕೂ ಮೀರಿದ ಸಂಶೋಧನೆ ನಮ್ಮ ಮುಂದಿದೆ. ಅದರಲ್ಲಿ ಕಾಣುವ ಮುಖ ಬೇರೆ. ಮುಖ ಬೇರೆಯಾದರೆ ಬೇಲಿ ಹಾಕಬೇಕಾದ ಜಾಗವೂ ಬೇರೆ.

ಮೊದಲು ಆ ‘ಅಪರಿಚಿತ’ನ ವಿಚಾರ. ಅಮೆರಿಕದಲ್ಲಿ ಡೇವಿಡ್ ಫಿಂಕೆಲ್ಹೋರ್ ಮತ್ತು ಸಹೋದ್ಯೋಗಿಗಳು 18ರಿಂದ 28ರ ವಯಸ್ಸಿನ 2,639 ಜನರನ್ನು ಕೇಳಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. 18 ತುಂಬುವ ಮೊದಲೇ ಆನ್‌ಲೈನ್ ಲೈಂಗಿಕ ಶೋಷಣೆಗೆ ಒಳಗಾಗಿದ್ದೆವು ಎಂದವರು ಶೇ. 15.6. ಮಾಡಿದವರು ಯಾರು ಎಂದರೆ ಹೆಚ್ಚಿನ ಉತ್ತರ ಪ್ರೇಮಿ, ಗೆಳೆಯ, ಪರಿಚಯದವರು. ಯುನಿಸೆಫ್, ಇಂಟರ್‌ಪೋಲ್ ಮತ್ತು ಮಕ್ಕಳ ಲೈಂಗಿಕ ಶೋಷಣೆಯ ವಿರುದ್ಧ ದುಡಿಯುವ ಸಂಸ್ಥೆಗಳ ಜಾಲವಾದ ಎಕ್‌ಪ್ಯಾಟ್ ಸೇರಿ ಆಫ್ರಿಕಾ ಮತ್ತು ಆಗ್ನೇಯ ಏಷ್ಯಾದ 13 ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲೂ ಮಗುವಿಗೆ ಮೊದಲೇ ಗೊತ್ತಿದ್ದವರು ಮತ್ತೆ ಮತ್ತೆ ಕಾಣಿಸಿಕೊಂಡರು.

ಇನ್ನು ‘ವೇಷ ಹಾಕಿ ಬರುತ್ತಾನೆ’ ಎಂಬ ನಂಬಿಕೆ. ಪೊಲೀಸ್ ಪ್ರಕರಣಗಳನ್ನು ಆಧರಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ತಾನೂ ಅದೇ ವಯಸ್ಸಿನವನು ಎಂದು ಸುಳ್ಳು ಹೇಳಿದ್ದವರು ಶೇ. 5 ಮಾತ್ರ. ಎದುರಿಗಿರುವುದು ದೊಡ್ಡವರು ಎಂಬುದು ಹೆಚ್ಚಿನ ಮಕ್ಕಳಿಗೆ ಗೊತ್ತಿತ್ತು. ಮಾತು ಯಾವ ಕಡೆ ಹೊರಟಿದೆ ಎಂಬುದೂ ಗೊತ್ತಿತ್ತು. ಅವರನ್ನು ಹಿಡಿದಿಟ್ಟದ್ದು ಮೋಸವಲ್ಲ, ‘ನನ್ನ ಮಾತು ಕೇಳುವವರು ಇವರೊಬ್ಬರೇ’ ಎಂಬ ಭಾವನೆ. ಆ ಮಾಹಿತಿ ಸ್ಮಾರ್ಟ್‌ಫೋನ್ ಬರುವುದಕ್ಕೂ ಮುಂಚಿನದು, ಅದನ್ನು ಮರೆಯಬಾರದು. ಹಣಕ್ಕಾಗಿ ಬೆದರಿಸುವ ಗ್ಯಾಂಗುಗಳು ಈಗ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ: ಹುಡುಗಿಯ ಫೋಟೊ ಹಾಕಿದ ನಕಲಿ ಖಾತೆಯಿಂದ ಹದಿಹರೆಯದ ಹುಡುಗರನ್ನು ಬಲೆಗೆ ಹಾಕುವುದು. ಎರಡಕ್ಕೂ ಒಂದೇ ಪಾಠ ಹೇಳಿದರೆ ಎರಡಕ್ಕೂ ತಾಗುವುದಿಲ್ಲ. ವೇಷಧಾರಿಯನ್ನು ಗುರುತಿಸಲು ಮಾತ್ರ ಕಲಿತ ಮಗು, ವೇಷವಿಲ್ಲದೆ ನಗುನಗುತ್ತಾ ಬಂದ ಟ್ಯೂಷನ್ ಮಾಸ್ತರರ ಮೆಸೇಜಿನ ಎದುರು ಏನು ಮಾಡಬೇಕು?

ಅಪರಾಧಿ ಎಂಬ ಒಂದೇ ಪದದೊಳಗೆ ಕನಿಷ್ಠ ಐದು ಬಗೆಯವರಿದ್ದಾರೆ. ಶೋಷಣೆಯ ಚಿತ್ರ, ವಿಡಿಯೊ ನೋಡುವವರು, ಕೂಡಿಡುವವರು, ಹಂಚುವವರು. ಮಗುವಿನ ಜೊತೆ ಚಾಟ್ ಮಾಡುತ್ತಾ ಲೈಂಗಿಕತೆಯ ಕಡೆ ಎಳೆಯುವವರು. ತಮ್ಮ ಕೈಗೆಟಕುವ ಮಗುವನ್ನೇ ಶೋಷಿಸಿ ಅದನ್ನು ಚಿತ್ರೀಕರಿಸುವವರು. ಇವರು ಬಹಳ ಸಲ ಮನೆಯೊಳಗೇ ಇರುತ್ತಾರೆ. ಲೈಂಗಿಕ ಆಸಕ್ತಿಯೇ ಇಲ್ಲದೆ ದುಡ್ಡಿಗಾಗಿ ಬೆದರಿಸುವವರು. ಕೊನೆಗೆ, ಸ್ವತಃ 18 ತುಂಬದವರು: ಸಹಪಾಠಿಯ ಚಿತ್ರವನ್ನು ಗ್ರೂಪಿಗೆ ಹಾಕಿದವರು. ದುಡ್ಡಿನ ಗ್ಯಾಂಗಿಗೆ ಮನೋಚಿಕಿತ್ಸೆಯ ಸಹಾಯವಾಣಿ ತೋರಿಸಿ ಏನು ಬಂತು? ಅದನ್ನು ತಡೆಯುವುದು ಹಣ ಪಾವತಿಯ ದಾರಿ ಮುಚ್ಚಿದಾಗ ಮತ್ತು ಹುಡುಗನ ಗೆಳೆಯರ ಪಟ್ಟಿ ಹೊರಗಿನವರಿಗೆ ಕಾಣದಂತೆ ಮಾಡಿದಾಗ. ಆ ಪಟ್ಟಿಯ ಸ್ಕ್ರೀನ್‌ಶಾಟೇ ಅವರ ಬಂಡವಾಳ: ‘ನೋಡು, ಇವರಿಗೆಲ್ಲ ಕಳಿಸುತ್ತೇನೆ’. ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಮಿಸ್ಸಿಂಗ್ ಆ್ಯಂಡ್ ಎಕ್ಸ್‌ಪ್ಲಾಯ್ಟೆಡ್ ಚಿಲ್ಡ್ರನ್ ಸಂಸ್ಥೆಗೆ 2023ರಲ್ಲಿ ಇಂಥ 26,718 ದೂರುಗಳು ಬಂದಿವೆ. ಈ ಬೆದರಿಕೆಗೆ ಸಿಕ್ಕಿ 2021ರಿಂದ ಈಚೆಗೆ ಪ್ರಾಣ ಕಳೆದುಕೊಂಡ ಹದಿಹರೆಯದ ಹುಡುಗರು ಆ ಸಂಸ್ಥೆಗೆ ಗೊತ್ತಾದಷ್ಟೇ ಕನಿಷ್ಠ 36.

ಪದದ ಬಗ್ಗೆಯೂ ಒಂದು ಮಾತು. ಸುತ್ತೋಲೆಗಳಲ್ಲಿ ‘ಮಕ್ಕಳ ಅಶ್ಲೀಲ ಚಿತ್ರ’ ಎಂದು ಬರೆಯುವುದನ್ನು ಬಿಡಿ. ಅಶ್ಲೀಲ ಎಂದರೆ ನೋಡುವವರ ಮರ್ಯಾದೆಯ ಪ್ರಶ್ನೆಯಾಗಿಬಿಡುತ್ತದೆ. ಅಲ್ಲಿರುವುದು ಒಂದು ಅಪರಾಧದ ದಾಖಲೆ. 2016ರ ಲಕ್ಸೆಂಬರ್ಗ್ ಮಾರ್ಗಸೂಚಿಗಳು ಬಂದ ಮೇಲೆ ಈ ಕ್ಷೇತ್ರ ‘ಮಕ್ಕಳ ಲೈಂಗಿಕ ಶೋಷಣೆಯ ಸಾಮಗ್ರಿ’ ಎಂದೇ ಬರೆಯುತ್ತಿದೆ.

ಈಗ ನೀವು ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗೆ ಬರೋಣ: ಚಿತ್ರ ನೋಡುವವನು ಮಗುವನ್ನು ಮುಟ್ಟುತ್ತಾನೆಯೇ? ಇದಕ್ಕೆ ಉತ್ತರ ಕೊಡುವಾಗ ಎರಡೂ ಕಡೆಯವರು ತಮಗೆ ಬೇಕಾದ ಅಂಕಿಯನ್ನಷ್ಟೇ ಹೆಕ್ಕಿ ತರುತ್ತಾರೆ. ಮೈಕಲ್ ಸೆಟೊ, ಕಾರ್ಲ್ ಹ್ಯಾನ್ಸನ್, ಕೆಲ್ಲಿ ಬಾಬ್ಚಿಶಿನ್ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಆನ್‌ಲೈನ್ ಅಪರಾಧಿಗಳಲ್ಲಿ ಹಿಂದೆ ನೇರ ದೈಹಿಕ ಲೈಂಗಿಕ ಅಪರಾಧ ಮಾಡಿದ್ದು ಸರ್ಕಾರಿ ದಾಖಲೆಯಲ್ಲಿ ಸಿಕ್ಕಿದ್ದು ಸುಮಾರು ಶೇ. 12ರಷ್ಟು ಜನರಲ್ಲಿ. ಅವರನ್ನೇ ಕೇಳಿ ಬರೆದುಕೊಂಡ ಕೆಲವು ಅಧ್ಯಯನಗಳಲ್ಲಿ ಅದೇ ಅಂಕಿ ಸುಮಾರು ಶೇ. 55. ಅಮೆರಿಕದ ಒಂದು ಜೈಲಿನಲ್ಲಿ ಚಿಕಿತ್ಸೆಗೆ ಸೇರಿದ್ದ 155 ಗಂಡಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆಯಾಗುವಾಗ ಗೊತ್ತಿದ್ದದ್ದು ಶೇ. 26, ಚಿಕಿತ್ಸೆ ಮುಗಿಯುವ ಹೊತ್ತಿಗೆ ಒಪ್ಪಿಕೊಂಡವರು ಶೇ. 85.

ಅಂಕಿ ಇಷ್ಟು ಜಿಗಿಯಲು ಕಾರಣ ಅಳೆದ ಕೋಲು. ಪೊಲೀಸ್ ದಾಖಲೆ ಹಿಡಿದರೆ ಸಿಕ್ಕಿಬಿದ್ದದ್ದು ಮಾತ್ರ ಕಾಣುತ್ತದೆ. ಮಕ್ಕಳು ಹೇಳಿಕೊಳ್ಳದ ಅಪರಾಧ ಇದು, ಆದ್ದರಿಂದ ಆ ಅಂಕಿ ನಿಜಕ್ಕಿಂತ ಕೆಳಗೇ ಇರುತ್ತದೆ. ಜೈಲಿನಲ್ಲಿ ಹೆಚ್ಚು ಒಪ್ಪಿಕೊಂಡಷ್ಟೂ ‘ಸುಧಾರಿಸುತ್ತಿದ್ದಾನೆ’ ಎನಿಸಿಕೊಳ್ಳುವ ಕಡೆ ಕೇಳಿದರೆ ಅಂಕಿ ಮೇಲಕ್ಕೆ ವಾಲುವ ಅಪಾಯವಿದೆ. ಆ ಅಧ್ಯಯನದ ಮೇಲೆ ಬಂದ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು. ಮುಂದೇನಾಗುತ್ತದೆ ಎಂದು ನೋಡಿದರೆ, ಅದೇ 2011ರ ಒಟ್ಟು ವಿಶ್ಲೇಷಣೆಯಲ್ಲಿ ಒಂದೂವರೆಯಿಂದ ಆರು ವರ್ಷದೊಳಗೆ ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕವರು ಶೇ. 4.6, ನೇರ ದೈಹಿಕ ಅಪರಾಧದಲ್ಲಿ ಸಿಕ್ಕವರು ಶೇ. 2. ಇಲ್ಲಿಯೂ ‘ಸಿಕ್ಕವರು’ ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ‘ನೋಡುವವರೆಲ್ಲ ಮುಟ್ಟುವವರೇ’ ಎಂದು ಭಾಷಣ ಮಾಡುವವರಿಗೂ, ‘ಪಾಪ, ಬರೀ ನೋಡಿದ್ದಾನೆ’ ಎಂದು ವಾದಿಸುವ ವಕೀಲರಿಗೂ ಈ ಅಂಕಿಗಳಲ್ಲಿ ಆಸರೆ ಇಲ್ಲ.

‘ಬರೀ ನೋಡುವುದು’ ಎಂಬುದೂ ಇಲ್ಲ ಎನ್ನಿ. ಕೆನಡಾದ ಮಕ್ಕಳ ರಕ್ಷಣಾ ಕೇಂದ್ರವು ತಮ್ಮ ಶೋಷಣೆಯ ಚಿತ್ರಗಳು ಚಲಾವಣೆಯಲ್ಲಿರುವ 150 ಮಂದಿಯನ್ನು ಕೇಳಿ 2017ರಲ್ಲಿ ವರದಿ ಮಾಡಿತು. ಸುಮಾರು ಶೇ. 70ರಷ್ಟು ಜನ ಹೇಳಿದ್ದು ಒಂದೇ ಭಯ: ಬೀದಿಯಲ್ಲಿ ಎದುರು ಬರುವ ಯಾರೋ ನನ್ನನ್ನು ಗುರುತು ಹಿಡಿಯಬಹುದು. ಹಾಗೆ ನಿಜಕ್ಕೂ ಗುರುತು ಹಿಡಿಯಲ್ಪಟ್ಟವರೂ ಅವರಲ್ಲಿದ್ದರು.

ಈ ಸಂಶೋಧನೆ ತನಿಖೆಗೆ ಹೇಗೆ ಉಪಯೋಗ? ಒಂದು ಪೊಲೀಸ್ ಘಟಕದ ಮೇಜಿನ ಮೇಲೆ, ಶೋಷಣೆಯ ಸಾಮಗ್ರಿ ಕಂಡಿತೆಂದು ಆ್ಯಪ್ ಕಂಪನಿಗಳಿಂದ ಬಂದ 300 ವರದಿ, ಬಾಗಿಲು ತಟ್ಟಬಲ್ಲ ಅಧಿಕಾರಿಗಳು 6 ಮಂದಿ ಎಂದಿಟ್ಟುಕೊಳ್ಳಿ. ಯಾರ ಮನೆಗೆ ಮೊದಲು? ಸಾಮಾನ್ಯವಾಗಿ ಹೆಚ್ಚು ಫೈಲ್ ಇಟ್ಟುಕೊಂಡವನ ಮನೆಗೆ ಹೋಗುತ್ತಾರೆ. ಪತ್ರಿಕೆಯಲ್ಲಿ ‘ಸಾವಿರಾರು ಚಿತ್ರ ವಶ’ ಎಂದು ಬರುತ್ತದೆ. ಸೆಟೊ ಮತ್ತು ಆ್ಯಂಜೆಲಾ ಈಕ್ 2015ರಲ್ಲಿ ಪ್ರಕಟಿಸಿದ ಮರು-ಅಪರಾಧದ ಅಪಾಯ ಅಳೆಯುವ ಸಾಧನದಲ್ಲಿ ಏಳು ಅಂಶಗಳಿವೆ: ತನಿಖೆಯ ವೇಳೆಗೆ ವಯಸ್ಸು 35 ಅಥವಾ ಕಡಿಮೆ ಇದ್ದದ್ದು, ಹಿಂದಿನ ಯಾವುದೇ ಅಪರಾಧ ದಾಖಲೆ, ನೇರ ಲೈಂಗಿಕ ಅಪರಾಧ, ಜಾಮೀನು ಅಥವಾ ಷರತ್ತುಬದ್ಧ ಬಿಡುಗಡೆಯ ಷರತ್ತು ಮುರಿದದ್ದು, ಮಕ್ಕಳ ಮೇಲಿನ ಲೈಂಗಿಕ ಆಸಕ್ತಿಯ ಸುಳಿವು, ಶೋಷಣೆಯ ಸಾಮಗ್ರಿಯಲ್ಲಿ ಹುಡುಗಿಯರಿಗಿಂತ ಹುಡುಗರು ಹೆಚ್ಚಿರುವುದು, ಮಕ್ಕಳ ಇತರ ಚಿತ್ರಗಳಲ್ಲೂ ಹಾಗೆಯೇ ಇರುವುದು. ಫೈಲುಗಳ ಸಂಖ್ಯೆ ಆ ಏಳರಲ್ಲಿ ಇಲ್ಲ. ಈ ಸಾಧನ ಹೇಳುವುದು ಆ ವ್ಯಕ್ತಿಯ ಮುಂದಿನ ಅಪಾಯದ ಬಗ್ಗೆ ಮಾತ್ರ. ಈ ಕ್ಷಣ ಆ ಮನೆಯಲ್ಲಿ ಮಗು ಇದೆಯೇ, ಅವನ ಕೆಲಸ ಮಕ್ಕಳ ನಡುವೆಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಫೈಲುಗಳನ್ನು ಎಣಿಸುವ ಮುಂಚೆ ಮನೆಯಲ್ಲಿರುವ ಮಕ್ಕಳನ್ನು ಎಣಿಸಿ.

ವರದಿಗಳ ಗುಣಮಟ್ಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಇದನ್ನು ಸರಿಪಡಿಸಲು ಹೊಸ ಕಾಯ್ದೆಯೂ ಬೇಡ, ಹೆಚ್ಚು ಹಣವೂ ಬೇಡ. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯಲ್ಲಿ ಇಂಥ ವರದಿಗಳನ್ನು ಸ್ವೀಕರಿಸುವ ಸೈಬರ್‌ಟಿಪ್‌ಲೈನ್ 1998ರಿಂದ ನಡೆಯುತ್ತಿದೆ. 2023ರಲ್ಲಿ ಅದಕ್ಕೆ 3.6 ಕೋಟಿ ವರದಿ ಬಂದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಈ ಇಡೀ ವ್ಯವಸ್ಥೆಯನ್ನು ಪರಿಶೀಲಿಸಿ ಹೇಳಿದ್ದರ ತಿರುಳು: ವರದಿಗಳ ರಾಶಿಯಲ್ಲಿ ಯಾವುದರ ಹಿಂದೆ ಅಪಾಯದಲ್ಲಿರುವ ಮಗು ಇದೆ ಎಂದು ಪೊಲೀಸರಿಗೆ ಗೊತ್ತಾಗುವುದಿಲ್ಲ, ಕಂಪನಿಗಳು ತುಂಬುವ ವಿವರ ಅಷ್ಟು ಕಡಿಮೆ.

ಹತ್ತಿರದಿಂದ ನೋಡಿ. ವರದಿಯಲ್ಲಿ ಒಂದು ಐಪಿ ವಿಳಾಸ ಇರುತ್ತದೆ, ‘9:14’ ಎಂಬ ಸಮಯ ಇರುತ್ತದೆ. ಎಲ್ಲಿಯ 9:14? ಸರ್ವರ್ ಇರುವ ಊರಿನದೋ, ಬಳಕೆದಾರನ ಊರಿನದೋ? ಬೆಳಗ್ಗೆಯೋ ರಾತ್ರಿಯೋ? ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ನೂರಾರು ಗ್ರಾಹಕರಿಗೆ ಹಂಚಿರುತ್ತವೆ. ಅವರನ್ನು ಬೇರೆ ಮಾಡುವುದು ಪೋರ್ಟ್ ಸಂಖ್ಯೆ. ಪೋರ್ಟ್ ಇಲ್ಲದ ವರದಿ ಹಿಡಿದುಕೊಂಡು ಹೋದರೆ ಮೊಬೈಲ್ ಕಂಪನಿ ಕೈಚೆಲ್ಲುತ್ತದೆ, ಅಥವಾ ನೂರಾರು ಹೆಸರು ಕೊಡುತ್ತದೆ. ಎರಡೂ ಒಂದೇ. ಆದ್ದರಿಂದ ಪ್ರತಿ ವರದಿಯಲ್ಲೂ ಸೆಕೆಂಡಿನವರೆಗಿನ ಸಮಯ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕದಲ್ಲಿ, ಬಳಕೆದಾರನ ಕಡೆಯ ಪೋರ್ಟ್ ಸಂಖ್ಯೆ, ಆ ಫೈಲನ್ನು ಕಂಪನಿಯ ಮನುಷ್ಯರು ಕಣ್ಣಾರೆ ನೋಡಿದ್ದಾರೋ ಇಲ್ಲವೋ ಎಂಬ ಉತ್ತರ, ಹಿಂದೆ-ಮುಂದಿನ ಚಾಟ್, ಅದು ಎಲ್ಲೆಲ್ಲೂ ಸುತ್ತುತ್ತಿರುವ ಹಳೆಯ ಫೈಲೋ ಮೊದಲ ಸಲ ಕಂಡದ್ದೋ ಎಂಬ ಟಿಪ್ಪಣಿ, ಇಷ್ಟು ಕಡ್ಡಾಯ ಮಾಡಿ. ಮೊದಲ ಸಲ ಕಂಡದ್ದಾದರೆ ಮಗು ಇನ್ನೂ ಅದೇ ಕೋಣೆಯಲ್ಲಿರಬಹುದು. ಅದು ಸರತಿಯಲ್ಲಿ ಕಾಯಬಾರದು. ಕಂಪನಿ ಈ ಮಾಹಿತಿಯನ್ನು ಎಷ್ಟು ದಿನ ಅಳಿಸದೆ ಇಡಬೇಕು ಎಂಬುದೂ ಮುಖ್ಯ. ಅಮೆರಿಕ 2024ರ ಕಾಯ್ದೆಯಲ್ಲಿ ಅದನ್ನು 90 ದಿನದಿಂದ ಒಂದು ವರ್ಷಕ್ಕೆ ಏರಿಸಿತು. ಗಡಿ ದಾಟುವ ತನಿಖೆಗೆ 90 ದಿನ ಯಾವ ಮೂಲೆಗೂ ಸಾಲುವುದಿಲ್ಲ.

ಹಳೆಯ ಫೈಲು, ಹೊಸ ಫೈಲು ಎಂಬ ವ್ಯತ್ಯಾಸ ಗೊತ್ತಾಗುವುದು ಹ್ಯಾಶ್ ಎಂಬ ಬೆರಳಚ್ಚಿನಿಂದ. ಸಾಧಾರಣ ಹ್ಯಾಶ್‌ಗೆ ಒಂದೇ ಒಂದು ಪಿಕ್ಸೆಲ್ ಬದಲಾದರೂ ಅದು ಬೇರೆಯೇ ಫೈಲು. 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹ್ಯಾನಿ ಫರೀದ್ ರೂಪಿಸಿದ ಫೋಟೊಡಿಎನ್‌ಎ ಚಿತ್ರವನ್ನು ಕಪ್ಪು-ಬಿಳುಪಾಗಿಸಿ, ಒಂದೇ ಅಳತೆಗೆ ತಂದು, ಚೌಕಗಳಾಗಿ ವಿಂಗಡಿಸಿ, ಬೆಳಕು ನೆರಳಿನ ಏರಿಳಿತವನ್ನು ಅಂಕಿಯಾಗಿಸುತ್ತದೆ. ಹಾಗಾಗಿ ಚಿತ್ರದ ಗಾತ್ರ ಕಿರಿದಾದರೂ, ಬಣ್ಣ ತುಸು ಬದಲಾದರೂ ಹಳೆಯದು ಎಂದು ಗುರುತು ಸಿಗುತ್ತದೆ. ಆದರೆ ಪಟ್ಟಿಯಲ್ಲಿ ಇಲ್ಲದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಹೊಸದನ್ನು ಹುಡುಕಲು ಕೃತಕ ಬುದ್ಧಿಮತ್ತೆಯ ಮಾದರಿ ಬೇಕು, ಅಲ್ಲಿ ತಪ್ಪು ಎಚ್ಚರಿಕೆಯ ಸಮಸ್ಯೆ ಶುರು. ದಿನಕ್ಕೆ 100 ಕೋಟಿ ಚಿತ್ರ ಹಾದುಹೋಗುವ ಕಡೆ ಸಾವಿರಕ್ಕೆ ಒಂದು ತಪ್ಪಾದರೂ ದಿನಕ್ಕೆ 10 ಲಕ್ಷ ಅಮಾಯಕ ಚಿತ್ರಗಳು ತನಿಖೆಗೆ ಬರುತ್ತವೆ, ಅದರಲ್ಲಿ ಮಗುವಿನ ಸ್ನಾನದ ಫೋಟೊ ತೆಗೆದ ಅಮ್ಮಂದಿರೂ ಸೇರುತ್ತಾರೆ. ‘ಶೇ. 99.9 ನಿಖರ’ ಎಂದು ಮಾರಲು ಬರುವ ಕಂಪನಿಯ ಮುಂದೆ ಈ ಲೆಕ್ಕ ಇಟ್ಟು, ಮನುಷ್ಯರು ಪರಿಶೀಲಿಸುವ ಹಂತ ಎಲ್ಲಿದೆ ಎಂದು ಕೇಳಿ.

ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಕಂಪನಿಯೂ ಓದಲಾಗದಂತೆ ಸಂದೇಶಕ್ಕೆ ಬೀಗ ಹಾಕುವುದರ ಬಗ್ಗೆ ವಾದ ನಡೆಯುತ್ತಲೇ ಇದೆ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಸ್ಥಿತಿ. ಆ ವಾದ ಮುಗಿಯುವವರೆಗೂ ಕಾಯಬೇಕಿಲ್ಲದ ಕೆಲಸಗಳಿವೆ. ದಾರಿಯಲ್ಲಿ ಸಂದೇಶ ಬೀಗ ಹಾಕಿದ್ದರೂ ಮಗುವಿನ ಫೋನಿನಲ್ಲಿ ಅದು ತೆರೆದೇ ಇರುತ್ತದೆ. ಮಗು ದೂರು ಕೊಟ್ಟರೆ ಕಂಪನಿ ಅದನ್ನು ಓದಬಹುದು. ಆದರೆ ದೂರಿನ ಬಟನ್ ಒತ್ತಿದ ಮಗುವಿಗೆ ಕಾಣುವ ಪಟ್ಟಿ ನೋಡಿದ್ದೀರಾ? ಸ್ಪ್ಯಾಮ್, ದ್ವೇಷದ ಮಾತು, ನನಗೆ ಇಷ್ಟವಾಗಲಿಲ್ಲ, ನಕಲಿ ವಸ್ತು ಮಾರಾಟ. ‘ನನ್ನ ಫೋಟೊ ಹಾಕುತ್ತೇನೆ ಎಂದು ಹೆದರಿಸುತ್ತಿದ್ದಾರೆ’ ಎಂಬ ಸಾಲು ಮೊದಲ ಪರದೆಯಲ್ಲಿ ಇರಬೇಕು, ಮಗುವಿನ ಭಾಷೆಯಲ್ಲಿ ಇರಬೇಕು, ಎರಡು ಒತ್ತಿಗೆ ಸಿಗಬೇಕು.

ತಡೆ ಮೊದಲೇ ಇರಬೇಕು ಎನ್ನಲು ವೇಗವೂ ಒಂದು ಕಾರಣ. ಗೇಮಿನ ಚಾಟಿನಲ್ಲಿ ಮೊದಲ ಮಾತಿನಿಂದ ಅಪಾಯದ ಹಂತಕ್ಕೆ ತಲುಪಲು ಸರಾಸರಿ 45 ನಿಮಿಷ, ಅತಿ ಬೇಗನೆಂದರೆ 19 ಸೆಕೆಂಡು ಎಂದು ವಿಪ್ರೊಟೆಕ್ಟ್ ಜಾಗತಿಕ ಒಕ್ಕೂಟದ 2023ರ ವರದಿ ದಾಖಲಿಸಿದೆ. ಗ್ರೂಮಿಂಗ್ ಎಂದರೆ ಸ್ನೇಹ, ನಂಬಿಕೆ, ಗುಟ್ಟು, ನಂತರ ಲೈಂಗಿಕತೆ ಎಂದು ತಿಂಗಳುಗಟ್ಟಲೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಎಂದು ಹಳೆಯ ಕೈಪಿಡಿಗಳು ಕಲಿಸುತ್ತವೆ. ಹಾಗೆ ಏರುವವರೂ ಇದ್ದಾರೆ. ಯುರೋಪಿನ ಗ್ರೂಮಿಂಗ್ ಅಧ್ಯಯನ 2012ರಲ್ಲೇ ಮೂರು ಬಗೆ ಗುರುತಿಸಿತ್ತು: ಆತ್ಮೀಯತೆ ಅರಸುವವರು, ಮಗುವಿಗೆ ತಕ್ಕಂತೆ ವರಸೆ ಬದಲಿಸುವವರು, ಸೀದಾ ಲೈಂಗಿಕ ಮಾತಿಗೆ ಇಳಿಯುವವರು. ಮೂರನೆಯ ಬಗೆಯವರಿಗೆ ಅಪ್ಪ-ಅಮ್ಮ ರಾತ್ರಿ ಫೋನ್ ಪರಿಶೀಲಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ತಡೆ ಮೊದಲ ಮೆಸೇಜಿಗೇ ಬೇಕು. 18 ತುಂಬದವರ ಖಾತೆಗೆ ಸಂಪರ್ಕದಲ್ಲಿಲ್ಲದ ದೊಡ್ಡವರು ಮೆಸೇಜ್ ಕಳಿಸಲಾಗದಂತೆ, ಗೆಳೆಯರ ಪಟ್ಟಿ ಕಾಣದಂತೆ, ಇರುವ ಜಾಗ ತಿಳಿಯದಂತೆ, ‘ನಿಮಗೆ ಗೊತ್ತಿರಬಹುದಾದವರು’ ಎಂದು ಮಕ್ಕಳನ್ನು ದೊಡ್ಡವರಿಗೆ ಪರಿಚಯಿಸದಂತೆ, ಖಾತೆ ತೆರೆದ ಕ್ಷಣದಿಂದಲೇ ಹೀಗೆ ಇರಬೇಕು. ‘ಆಯ್ಕೆ ಕೊಟ್ಟಿದ್ದೇವೆ’ ಎಂಬ ಸಮಜಾಯಿಷಿ ಬೇಡ. ಸೆಟ್ಟಿಂಗಿನ ಆರನೇ ಪುಟದಲ್ಲಿರುವ ಆಯ್ಕೆಯನ್ನು ಹುಡುಕಿ ಒತ್ತುವ ಮಗುವಿಗೆ ಅದರ ಅಗತ್ಯವೇ ಕಡಿಮೆ. ನಿನ್ನೆ ಹುಟ್ಟಿದ ಖಾತೆಯೊಂದು ಇವತ್ತು 50 ಮಕ್ಕಳಿಗೆ ಒಂದೇ ‘ಹಾಯ್’ ಕಳಿಸಿದರೆ, ಸಂದೇಶ ಓದದೆಯೂ ಅದನ್ನು ಹಿಡಿಯಬಹುದು.

ಈಗ ನಿಮಗೆ ಎಲ್ಲಕ್ಕಿಂತ ಕಹಿಯಾಗುವ ಕೋರಿಕೆ: ಅಪರಾಧಕ್ಕೆ ಇಳಿಯಬಹುದಾದವರು ಅದಕ್ಕೆ ಮುಂಚೆಯೇ ಸಹಾಯ ಕೇಳಬಹುದಾದ ಜಾಗಕ್ಕೆ ಹಣ ಕೊಡಿ. ಮಕ್ಕಳ ಮೇಲೆ ಲೈಂಗಿಕ ಆಕರ್ಷಣೆ ಇರುವವರೆಲ್ಲ ಅಪರಾಧ ಮಾಡಿದವರಲ್ಲ, ಅಪರಾಧ ಮಾಡಿದವರಿಗೆಲ್ಲ ಆ ಆಕರ್ಷಣೆ ಇರುವುದೂ ಇಲ್ಲ. ಬರ್ಲಿನ್‌ನ ಶಾರಿಟೆ ಆಸ್ಪತ್ರೆ 2005ರಲ್ಲಿ ‘ಡುಂಕೆಲ್‌ಫೆಲ್ಡ್’ ಯೋಜನೆ ಆರಂಭಿಸಿ, ತಾವಾಗಿಯೇ ಬರುವವರಿಗೆ ಗೌಪ್ಯ ಚಿಕಿತ್ಸೆ ಕೊಡತೊಡಗಿತು. ಬ್ರಿಟನ್ನಿನಲ್ಲಿ ಲೂಸಿ ಫೇತ್‌ಫುಲ್ ಪ್ರತಿಷ್ಠಾನ ‘ಸ್ಟಾಪ್ ಇಟ್ ನೌ’ ಸಹಾಯವಾಣಿ ನಡೆಸುತ್ತದೆ. ಫಿನ್ಲೆಂಡಿನ ಮಕ್ಕಳ ರಕ್ಷಣಾ ಸಂಸ್ಥೆಯೊಂದು ಡಾರ್ಕ್‌ವೆಬ್‌ನಲ್ಲಿ (ಸಾಧಾರಣ ಬ್ರೌಸರಿಗೆ ಸಿಗದ, ಗುರುತು ಮುಚ್ಚಿಡುವ ಅಂತರ್ಜಾಲದ ಭಾಗ) ಶೋಷಣೆಯ ಸಾಮಗ್ರಿ ಹುಡುಕುವವರ ಮುಂದೆಯೇ ಅನಾಮಧೇಯ ಪ್ರಶ್ನಾವಳಿ ಇಟ್ಟಾಗ ಸಾವಿರಾರು ಜನ ಉತ್ತರಿಸಿದರು. ಮೊದಲ ಸಲ ನೋಡಿದಾಗ 18 ತುಂಬಿರಲಿಲ್ಲ ಎಂದವರು ಸುಮಾರು ಶೇ. 70. ನಿಲ್ಲಿಸಬೇಕು ಎಂದುಕೊಂಡವರು ಸುಮಾರು ಅರ್ಧದಷ್ಟು. ನೋಡಿದ ಮೇಲೆ ಮಗುವನ್ನು ಸಂಪರ್ಕಿಸಲು ಯತ್ನಿಸಿದ್ದೇವೆ ಎಂದವರೂ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಉತ್ತರಿಸಲು ಒಪ್ಪಿದವರ ಮಾತು ಇದು, ಎಲ್ಲರದ್ದಲ್ಲ. ಹಾಗಿದ್ದರೂ ತಡೆಯಲು ಒಂದು ಕಿಟಕಿ ತೆರೆದಿರುತ್ತದೆ ಎಂಬುದಕ್ಕೆ, ಆ ಕಿಟಕಿ ಹದಿಹರೆಯದಲ್ಲೇ ತೆರೆದುಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಕೆಲಸ ಮಾಡುತ್ತದೆಯೇ? ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆ ಡಾರ್ಕ್‌ವೆಬ್‌ನಿಂದಲೇ 160 ಜನರನ್ನು ಸೇರಿಸಿಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 8 ವಾರ ಆನ್‌ಲೈನ್ ಮನೋಚಿಕಿತ್ಸೆಯನ್ನು ಹೋಲಿಸಿ ನೋಡಿತು. ಚಿಕಿತ್ಸೆ ಪಡೆದ ಗುಂಪು ನೋಡುವ ಸಮಯ ಹೆಚ್ಚು ಇಳಿಯಿತು ಎಂದು 2022ರಲ್ಲಿ ವರದಿಯಾಯಿತು. ಅವರವರೇ ಹೇಳಿಕೊಂಡ ಲೆಕ್ಕ ಅದು, ಅಲ್ಲಿ ಜಾಗ್ರತೆ ಬೇಕು. ಬರ್ಲಿನ್ ಯೋಜನೆಯ ಪುರಾವೆ ಇನ್ನೂ ದುರ್ಬಲ. ಚೀಟಿ ಎತ್ತಿದ ಹೋಲಿಕೆ ಅಲ್ಲಿರಲಿಲ್ಲ. ಆಸ್ಟ್ರೇಲಿಯದ ಟಾಸ್ಮೇನಿಯ ವಿಶ್ವವಿದ್ಯಾಲಯದ ತಂಡವು ಅಂಥ ಸಾಮಗ್ರಿಯ ಕಡೆ ಹೊರಟವರಿಗೆ ಪರದೆಯ ಮೇಲೆ ತೋರಿಸುವ ಎಚ್ಚರಿಕೆಯ ಸಂದೇಶಗಳನ್ನು ಪ್ರಯೋಗಕ್ಕಿಟ್ಟಾಗ, ಸರಿಯಾದ ಕ್ಷಣದಲ್ಲಿ ಬಂದ ಒಂದು ಸಾಲು ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿತು. ಬ್ರಿಟನ್ನಿನಲ್ಲಿ ವಯಸ್ಕರ ಅಶ್ಲೀಲ ಚಿತ್ರಗಳ ದೊಡ್ಡ ಜಾಲತಾಣವೊಂದರಲ್ಲಿ 2022ರ ಮಾರ್ಚ್‌ನಿಂದ 2023ರ ಸೆಪ್ಟೆಂಬರ್‌ವರೆಗೆ ಎಚ್ಚರಿಕೆಯ ಜೊತೆ ಚಾಟ್‌ಬಾಟ್ ನಡೆಸಿದಾಗಲೂ ಅಂಥ ಹುಡುಕಾಟ ಇಳಿಮುಖವಾಯಿತು.

ಇಂಥ ಯೋಜನೆಗಳು ಎಲ್ಲಿ ಕೆಡುತ್ತವೆ ಎಂಬುದು ನಮಗೆ ಗೊತ್ತು. ಎಚ್ಚರಿಕೆ ಇಂಗ್ಲಿಷಿನಲ್ಲಷ್ಟೇ ಇರುತ್ತದೆ. ಬೇರೆ ಭಾಷೆಯ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಪದಗಳ ಪಟ್ಟಿಯನ್ನು ಒಮ್ಮೆ ಮಾಡಿ ವರ್ಷಗಟ್ಟಲೆ ಮುಟ್ಟುವುದಿಲ್ಲ. ಸಹಾಯವಾಣಿ ಕಚೇರಿ ವೇಳೆಯಲ್ಲಿ ಮಾತ್ರ ತೆರೆದಿರುತ್ತದೆ, ಕರೆ ಬರುವುದು ರಾತ್ರಿ. ಕರೆ ಎತ್ತಿದವರು ಮೊದಲು ಹೆಸರು ಕೇಳುತ್ತಾರೆ, ಅಲ್ಲಿಗೆ ಕರೆ ಮುಗಿಯಿತು. ಸರಿಯಾದ ಕ್ರಮ ಹೀಗೆ: ಹೆಸರು, ನಂಬರ್ ಬೇಡ ಎಂದು ಮೊದಲ ವಾಕ್ಯದಲ್ಲೇ ಹೇಳುವುದು, ಇಂಥ ಮಗು ಅಪಾಯದಲ್ಲಿದೆ ಎಂದು ಗುರುತು ಸಿಗುವಂತೆ ಹೇಳಿದರೆ ಸುಮ್ಮನಿರಲಾಗದು ಎಂಬ ಗೆರೆಯನ್ನೂ ಆಗಲೇ ಎಳೆಯುವುದು. ಗಂಡನ ಕಂಪ್ಯೂಟರಿನಲ್ಲಿ ಏನನ್ನೋ ಕಂಡ ಹೆಂಡತಿಗೂ, ಮಗನ ಫೋನ್ ನೋಡಿದ ತಾಯಿಗೂ ಅದೇ ಸಹಾಯವಾಣಿ ತೆರೆದಿರಬೇಕು. ನಿಮ್ಮ ಕಡ್ಡಾಯ ವರದಿ ಕಾಯ್ದೆಯನ್ನೂ ತೆರೆದು ಓದಿ. ಮನಸ್ಸಿನಲ್ಲಿ ಬಂದದ್ದನ್ನು ವೈದ್ಯರ ಬಳಿ ಹೇಳಿದ್ದಕ್ಕೇ ಪೊಲೀಸ್ ಬರುವಂತಿದ್ದರೆ ಯಾರೂ ವೈದ್ಯರ ಬಳಿ ಹೋಗುವುದಿಲ್ಲ. ಬರ್ಲಿನ್ ಯೋಜನೆ ನಡೆದದ್ದು ಜರ್ಮನಿಯ ವೈದ್ಯಕೀಯ ಗೌಪ್ಯತೆಯ ಕಾನೂನಿನ ನೆರಳಿನಲ್ಲಿ.

ಈಗಾಗಲೇ ಸಿಕ್ಕಿಹಾಕಿಕೊಂಡ ಮಗುವಿನ ಮೊದಲ ದಿನದ ಬಗ್ಗೆ ಶಾಲೆಗಳಿಗೆ ನೀವು ಕಳಿಸುವ ಸುತ್ತೋಲೆ ಅರ್ಧ ಪುಟ ಮೀರಬಾರದು. ಅದರಲ್ಲಿ ಇಷ್ಟಿರಲಿ. ಮಗುವಿಗೆ ಹೇಳುವ ಮೊದಲ ಮಾತು ‘ತಪ್ಪು ನಿನ್ನದಲ್ಲ, ಫೋನ್ ಕಿತ್ತುಕೊಳ್ಳುವುದಿಲ್ಲ’. ಫೋನ್ ಹೋಗುತ್ತದೆ, ಬೈಗುಳ ಬೀಳುತ್ತದೆ ಎಂಬ ಭಯಕ್ಕೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಹಣ ಕೇಳಿದರೆ ಕೊಡಬಾರದು. ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಮೊತ್ತ ಏರುತ್ತದೆ. ಸಿಟ್ಟಿನಲ್ಲಿ ಚಾಟ್ ಅಳಿಸಬಾರದು. ಬ್ಲಾಕ್ ಮಾಡುವ ಮುಂಚೆ ಆ ಖಾತೆಯ ಬಳಕೆದಾರ ಹೆಸರು, ಪ್ರೊಫೈಲಿನ ಲಿಂಕ್, ದಿನಾಂಕ, ಸಮಯ, ಹಣ ಕೇಳಿದ ಖಾತೆ ಬರೆದಿಟ್ಟುಕೊಳ್ಳಬೇಕು. ಪರದೆಯ ಮೇಲೆ ಕಾಣುವ ಹೆಸರು (ಡಿಸ್‌ಪ್ಲೇ ನೇಮ್) ಸಾಲದು, ಅದನ್ನು ನಿಮಿಷಕ್ಕೊಮ್ಮೆ ಬದಲಿಸಬಹುದು. ಮಾತಿನ ಭಾಗದ ಸ್ಕ್ರೀನ್‌ಶಾಟ್ ಸರಿ. ಮಗುವಿನ ನಗ್ನ ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಬಾರದು, ಮುಖ್ಯೋಪಾಧ್ಯಾಯರಿಗೆ ‘ಸಾಕ್ಷಿಗೆ’ ಎಂದು ಕಳಿಸಬಾರದು, ಶಿಕ್ಷಕರ ಗ್ರೂಪಿಗಂತೂ ಹಾಕಲೇಬಾರದು. ಅದು ಮತ್ತೊಂದು ಹಂಚಿಕೆ, ಬಹಳ ದೇಶಗಳಲ್ಲಿ ಅದೇ ಒಂದು ಅಪರಾಧ. ಆ ಫೋನನ್ನೇ ಹಾಗೆಯೇ ಪೊಲೀಸರಿಗೆ ತೋರಿಸಬೇಕು. ಮಗುವಿನಂತೆ ನಟಿಸಿ ಅವನನ್ನು ಭೇಟಿಗೆ ಕರೆದು ಹಿಡಿಯುವ ಸಾಹಸ ಬೇಡ. ಒಮ್ಮೆ ಅನುಮಾನ ಬಂದರೆ ಅವನು ಎಲ್ಲವನ್ನೂ ಅಳಿಸಿ ಬೇರೆ ಮಗುವಿನ ಹತ್ತಿರ ಹೋಗುತ್ತಾನೆ. ಚಿತ್ರ ಹೊರಗೆ ಹೋಗುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ಮಗುವಿನ ಫೋನಿನಲ್ಲೇ ಉಳಿಯುತ್ತದೆ, ಹ್ಯಾಶ್ ಮಾತ್ರ ಹೋಗುತ್ತದೆ, ಸೇರಿಕೊಂಡಿರುವ ಕಂಪನಿಗಳು ಅದನ್ನು ಹುಡುಕಿ ತೆಗೆಯುತ್ತವೆ. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ ಎಂದು ಮನೆಯವರಿಗೆ ಬಾಯಿಬಿಟ್ಟೇ ಹೇಳಬೇಕು.

ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರಗಳ ಬಗ್ಗೆ ಪ್ರತ್ಯೇಕ ಪತ್ರವೇ ಬೇಕಾದೀತು. ಸೈಬರ್‌ಟಿಪ್‌ಲೈನ್‌ಗೆ ಬಂದ ಇಂಥ ವರದಿಗಳು 2023ರಲ್ಲಿ 4,700, 2024ರಲ್ಲಿ 67,000. ‘ನಿಜವಾದ ಮಗು ಇಲ್ಲವಲ್ಲ’ ಎನ್ನುವವರಿಗೆ, ಸಹಪಾಠಿಯ ಮುಖ ಅಂಟಿಸಿದ ಚಿತ್ರದಲ್ಲಿ ಮಗು ನಿಜವೇ.

ಗುರುತು ಸಿಗದ ಮಕ್ಕಳನ್ನು ಹುಡುಕುವ ವಿಶ್ಲೇಷಕರಿಗೆ ಸದಾ ಹಣ ಕಡಿಮೆ ಬೀಳುತ್ತದೆ. ಅವರು ನೋಡುವುದು ಚಿತ್ರದ ಹಿನ್ನೆಲೆಯನ್ನು: ಪರದೆಯ ಹೂವಿನ ವಿನ್ಯಾಸ, ಗೋಡೆಯ ಪ್ಲಗ್ಗಿನ ತೂತುಗಳ ಆಕಾರ, ಮೂಲೆಯಲ್ಲಿ ಬಿದ್ದ ಬಿಸ್ಕತ್ತಿನ ಕವರ್. ಯುರೋಪಿನ ದೇಶಗಳ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ 2017ರಿಂದ ಇಂಥ ವಸ್ತುಗಳನ್ನಷ್ಟೇ ಕತ್ತರಿಸಿ ತೆಗೆದು, ಇದು ಎಲ್ಲಿಯದು ಎಂದು ಸಾರ್ವಜನಿಕರನ್ನೇ ಕೇಳುತ್ತಿದೆ. ಆ ಕವರಿನಿಂದ ಮಕ್ಕಳು ಸಿಕ್ಕಿದ್ದಾರೆ. ಆ ವಿಶ್ಲೇಷಕರಿಗೆ ದಿನಕ್ಕೆ ಎಷ್ಟು ಗಂಟೆ ಇಂಥದ್ದನ್ನು ನೋಡಬಹುದು ಎಂಬ ಮಿತಿ, ಶಬ್ದವಿಲ್ಲದೆ, ಕಪ್ಪು-ಬಿಳುಪಿನಲ್ಲಿ ನೋಡುವ ಸೌಲಭ್ಯ, ಕೇಳಿದಾಗ ಸಿಗುವ ಆಪ್ತಸಲಹೆ, ಇವು ಬಜೆಟ್ಟಿನಲ್ಲಿ ಬೇರೆ ಸಾಲಾಗಿ ಕಾಣಲಿ.

ಸಂಶೋಧಕರಿಗೂ ದಾರಿ ಬಿಡಿ. ನಿಮ್ಮಲ್ಲಿ ಮುಗಿದ ಪ್ರಕರಣಗಳ ಕಡತಗಳಿವೆ, ಕಂಪನಿಗಳಲ್ಲಿ ಎಚ್ಚರಿಕೆ ತೋರಿಸಿದ ಮೇಲೆ ಏನಾಯಿತು ಎಂಬ ದಾಖಲೆಗಳಿವೆ. ಚಿತ್ರ ಬೇಡ, ಹೆಸರು ಬೇಡ. ಅಪರಾಧಿಗೂ ಮಗುವಿಗೂ ಏನು ಸಂಬಂಧ, ಮೊದಲ ಸಂಪರ್ಕ ಯಾವ ಆ್ಯಪಿನ ಯಾವ ಸೌಲಭ್ಯದಿಂದ ಆಯಿತು, ಯಾರಿಗೆ ಮೊದಲು ಗೊತ್ತಾಯಿತು ಎಂಬಷ್ಟು ಕೊಡಿ.

ನಿಮ್ಮ ವಾರ್ಷಿಕ ವರದಿಯಲ್ಲಿ ಈಗ ಮೂರು ಅಂಕಿ ಇರುತ್ತವೆ: ಬಂಧನ, ವಶಪಡಿಸಿಕೊಂಡ ಫೈಲು, ನಡೆಸಿದ ಜಾಗೃತಿ ಕಾರ್ಯಕ್ರಮ. ಮುಂದಿನ ವರ್ಷದ ವರದಿಗೆ ಇನ್ನೂ ನಾಲ್ಕು ಅಂಕಣ ಸೇರಿಸಿ: ಗುರುತು ಸಿಕ್ಕಿ ಅಪಾಯದಿಂದ ಹೊರಬಂದ ಮಕ್ಕಳೆಷ್ಟು, ಮಗು ದೂರು ಕೊಟ್ಟ ಗಳಿಗೆಯಿಂದ ಮನುಷ್ಯರೊಬ್ಬರು ಉತ್ತರಿಸುವವರೆಗೆ ಹಿಡಿದ ಗಂಟೆಗಳೆಷ್ಟು, ಪೋರ್ಟ್ ಸಂಖ್ಯೆ ಇಲ್ಲದೆ ಬಂದು ಹಾಗೇ ಮುಚ್ಚಿಹೋದ ವರದಿಗಳೆಷ್ಟು, ಸಹಾಯವಾಣಿಗೆ ಬಂದ ಕರೆಗಳಲ್ಲಿ ಯಾರೂ ಎತ್ತದೇ ಹೋದವೆಷ್ಟು. ಮೊದಲ ವರ್ಷ ಆ ಅಂಕಣಗಳು ಖಾಲಿಯಿದ್ದರೂ ಅಚ್ಚು ಹಾಕಿಸಿ.

ಇತಿ,
ಮಕ್ಕಳ ಆನ್‌ಲೈನ್ ರಕ್ಷಣೆ ಮತ್ತು ಅಪರಾಧ ತಡೆಯ ಸಂಶೋಧನೆಯಲ್ಲಿ ತೊಡಗಿರುವವರು